ದಫೇದಾರ ಉಣವಲ್ಲ

ವಿರೂಪಾಕ್ಷಪ್ಪ ಮಾಸ್ತರರ ಪ್ರಕಾರ ಜಗತ್ತಿನಲ್ಲಿ ಬುದ್ಧಿವಂತರು ಮೂರೇ ಜನ. ಅವರಲ್ಲಿ ಇಬ್ಬರು ತೀರಿಹೋಗಿದ್ದರು. ಉಳಿದೊಬ್ಬರು ದಿನಾ ಬೆಳಿಗ್ಗೆ ಎಂಟೂವರೆಗೆ ಸಿಂಧನೂರಿನಲ್ಲಿ ಬಸ್ಸು ಹತ್ತಿ, ಮಸ್ಕಿಯ ಪದವಿಪೂರ್ವ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿ, ಸಂಜೆ ಮರಳಿ, ಎಂಟಕ್ಕೆ ಸರಿಯಾಗಿ ಟಿವಿಯ ಮುಂದೆ ಊಟಕ್ಕೆ ಕೂಡುತ್ತಿದ್ದರು. ಟಿವಿಯೊಳಗೆ ಕೂಗಾಡುವವರೆಲ್ಲ ದಡ್ಡರು. ಬಸ್ಸಿನ ಕಂಡಕ್ಟರ್ ದಡ್ಡ. ತಮ್ಮನ್ನು ಉಪನ್ಯಾಸಕರು ಅನ್ನದೆ ‘ಮಾಸ್ತರ್ರು’ ಅನ್ನುವ ಓಣಿಗೆ ಓಣಿಯೇ ದಡ್ಡ. ದಡ್ಡರ ಈ ಹೊಳೆಯಲ್ಲಿ ದಡ ಸೇರಿದವರು ತಾವೊಬ್ಬರೇ ಎಂದು ಅವರು ತಿಳಿದಿದ್ದರು.

ಅವರನ್ನೇ ದಡ್ಡರೆಂದು ತಿಳಿದಿದ್ದ ಜೀವ ಆ ಮನೆಯಲ್ಲಿ ಒಂದಿತ್ತು. ಅದು ಬೆಕ್ಕು.

ಹದಿಮೂರು ವರ್ಷದ ಗಂಡು ಬೆಕ್ಕು. ಕರಿ ಮೈಯ ಮೇಲೆ ಎಡ ಹೆಗಲಿನಿಂದ ಬಲ ಪಕ್ಕೆಯವರೆಗೆ ಇಳಿದ ಒಂದು ಬಿಳಿ ಪಟ್ಟೆ. ಕಚೇರಿಯಲ್ಲಿ ಸಾಹೇಬರ ಬಾಗಿಲಿಗೆ ಅಡ್ಡಪಟ್ಟಿ ಹಾಕಿಕೊಂಡು ನಿಲ್ಲುವ ದಫೇದಾರನ ಥರ ಕಾಣುತ್ತಿದ್ದುದರಿಂದ ಹೆಸರೂ ದಫೇದಾರ ಎಂದೇ ಬಿತ್ತು. ಬಂದವರನ್ನು ಮೇಲಿಂದ ಕೆಳಗೊಮ್ಮೆ ನೋಡಿ, ‘ಸಾಹೇಬ್ರಿಲ್ಲ, ನಾಳೆ ಬಾ’ ಎಂಬಂತೆ ಮುಖ ತಿರುಗಿಸುವ ಕಲೆಯನ್ನು ಅದು ಯಾರಿಂದಲೂ ಕಲಿತಿರಲಿಲ್ಲ. ಒಂದು ಕಾಲಕ್ಕೆ ಏಳು ಕಿಲೋ ತೂಗುವ ದಪ್ಪೇದಾರ. ಎರಡು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಬಂದು ದಪ್ಪವೆಲ್ಲ ಹೋಗಿ ಬರೀ ದಾರ ಉಳಿಯಿತು.

ಅಂದಿನಿಂದ ಹೊತ್ತಿಗೊಂದರಂತೆ ದಿನಕ್ಕೆ ಎರಡು ಇನ್ಸುಲಿನ್ ಸೂಜಿ. ಚುಚ್ಚುವವಳು ಮಾಸ್ತರರ ಹೆಂಡತಿ ಅಮರೇಶ್ವರಿ. ಆಕೆ ಸಾಲಗುಂದದ ಸರಕಾರಿ ಶಾಲೆಯಲ್ಲಿ ಟೀಚರು. ಮೊದಲ ವಾರವೆಲ್ಲ ಬದನೆಕಾಯಿಗೆ ಚುಚ್ಚಿ ಚುಚ್ಚಿ ಕೈ ಪಳಗಿಸಿಕೊಂಡಿದ್ದಳು. ಆ ವಾರ ಮನೆಯಲ್ಲಿ ಉಂಡ ಎಣ್ಣೆಗಾಯಿಯ ಬದನೆಕಾಯಿಗೆಲ್ಲ ತೂತು.

“ಇಲಿ ಹಿಡೀಲಿಲ್ಲ, ಮನಿ ಕಾಯಲಿಲ್ಲ. ರೋಗ ಮಾತ್ರ ರಾಜರೋಗ ಹಿಡ್ಕೊಂಡು ಬಂದದ ನೋಡು,” ಎಂದು ಮಾಸ್ತರರು ಆಗಾಗ ಟಿವಿಯ ಜಾಹೀರಾತಿನ ನಡುವೆ ಹೇಳುತ್ತಿದ್ದರು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಡೆದೇ ಇರುತ್ತಿತ್ತು.

ಲಿಂಗಸುಗೂರಿನಲ್ಲಿರುವ ತಂಗಿ ಪಂಪಾವತಿಗೆ ಪಿತ್ತಕೋಶದ ಆಪರೇಷನ್ ಗೊತ್ತಾದಾಗ ಅಮರೇಶ್ವರಿ ಎಂಟು ದಿನದ ಮಟ್ಟಿಗೆ ಹೊರಡಲೇಬೇಕಾಯಿತು. ಭಾನುವಾರ ಮಧ್ಯಾಹ್ನ ಆಕೆ ನಾಲ್ಕು ಸಲ ಬ್ಯಾಗು ಎತ್ತಿಕೊಂಡು ನಾಲ್ಕು ಸಲವೂ ಕೆಳಗಿಟ್ಟಳು.

“ಮೊದಲ ಉಣಬೇಕು, ಆಮ್ಯಾಲ ಸೂಜಿ. ಬರೇ ಹೊಟ್ಟಿಗೆ ಚುಚ್ಚಿದ್ರ ಸಕ್ಕರಿ ಸರ್‍ರಂತ ಇಳದು ಜೀವ ಹೋಗ್ತದ್ರಿ. ಸಿರಿಂಜಿನಾಗ ಎರಡು ಗೀಟು, ಅಷ್ಟ. ಏನಂದೆ ನಾ, ಹೇಳ್ರಿ ಒಮ್ಮೆ.”

“ಏ, ಮೂವತ್ತು ವರ್ಷ ಸಂವಿಧಾನ ಹೇಳೀನಿ. ಒಂದು ಬೆಕ್ಕಿಗೆ ಉಣಿಸಾಕ ತಿದ್ದುಪಡಿ ತರಬೇಕೇನು? ಬಸ್ಸು ಹೋಗ್ತದ, ನಡಿ ನೀ.”

“ಅಂವ ಉಣಲಿಲ್ಲಂದ್ರ ಫೋನ್ ಮಾಡ್ರಿ. ಪಂಪಿ ಕಡೆ ಯಾರನಾರ ಇಟ್ಟು ಬಂದುಬಿಡ್ತೀನಿ.”

“ಉಣಲಾರದ ಏನು ಮಾಡ್ತದ? ಉಪವಾಸ ಸತ್ಯಾಗ್ರಹ ಮಾಡ್ತದೇನು?”

ದಫೇದಾರ ಮಾಡಿದ್ದು ಅದನ್ನೇ.

ಫ್ರಿಜ್ಜಿನ ಬಾಗಿಲಿಗೆ ಅಮರೇಶ್ವರಿ ಅಂಟಿಸಿ ಹೋದ ಚೀಟಿ ಒಳ್ಳೆಯ ಟೀಚರಿನ ಚೀಟಿ. ಕೋಳಿಯನ್ನು ಉಪ್ಪು, ಅರಿಷಿಣ ಹಾಕದೆ ಕುದಿಸಬೇಕು. ಎಲುಬು ಇರಬಾರದು. ಅನ್ನ, ಹಾಲು ಕೂಡದು. ಹೊತ್ತಿಗೆ ಎರಡು ಚಮಚ, ಬೆಳಿಗ್ಗೆ ಒಂಬತ್ತರೊಳಗೆ, ರಾತ್ರಿ ಒಂಬತ್ತರೊಳಗೆ. ಮಾಸ್ತರರು ಚೀಟಿಯಲ್ಲಿ ಬರೆದದ್ದನ್ನು ಅಕ್ಷರ ಬಿಡದೆ ಪಾಲಿಸಿದರು. ಭಾನುವಾರ ರಾತ್ರಿ ಕೋಳಿ ಕುದಿಸಿ, ಎಲುಬು ಆರಿಸಿ, ಸ್ಟೀಲಿನ ಬಟ್ಟಲಲ್ಲಿಟ್ಟು, “ತಿನ್ನು” ಎಂದು ಆದೇಶ ಹೊರಡಿಸಿದರು.

ದಫೇದಾರ ಬಂದ. ಬಟ್ಟಲನ್ನು ಮೂಸಿದ. ಮುಂಗಾಲು ಚಾಚಿ ಬಟ್ಟಲಿನ ಸುತ್ತ ನೆಲ ಕೆರೆದು ಕೆರೆದು ಇಲ್ಲದ ಮಣ್ಣನ್ನು ಎಳೆದು ಮುಚ್ಚುವ ಅಭಿನಯ ಮಾಡಿದ. ಬೆಕ್ಕು ಯಾವುದರ ಮೇಲೆ ಮಣ್ಣು ಎಳೆದು ಮುಚ್ಚುತ್ತದೆ ಎಂಬುದು ಸಣ್ಣ ಮಕ್ಕಳಿಗೂ ಗೊತ್ತು. ಮಾಸ್ತರರಿಗೂ ಗೊತ್ತಾಯಿತು. ಮುಖ ಕೆಂಪಾಯಿತು.

ಸೋಮವಾರ ಬೆಳಿಗ್ಗೆಯೂ ಅದೇ. ಸೋಮವಾರ ರಾತ್ರಿಯೂ ಅದೇ. ಕೋಳಿ ಬಿಟ್ಟು ಮೊಟ್ಟೆ ಇಟ್ಟರು. ಮೊಟ್ಟೆ ಬಿಟ್ಟು ದಢೇಸುಗೂರಿನ ಕಾಲುವೆಯ ಸಣ್ಣ ಮೀನು ತಂದು ಕುದಿಸಿದರು. ಮನೆಯೆಲ್ಲ ನಾತ. ಪ್ರತಿಯೊಂದಕ್ಕೂ ದಫೇದಾರ ಮಣ್ಣೆಳೆದ. ಉಣ್ಣದಿದ್ದರೆ ಸೂಜಿಯಿಲ್ಲ. ಸೂಜಿಯಿಲ್ಲದಿದ್ದರೆ ಸಕ್ಕರೆ ಏರುತ್ತದೆ, ಏರಿದರೆ ದಾಹ; ಅದಕ್ಕೇ ದಫೇದಾರ ನೀರು ಕುಡಿಯುತ್ತ ಮೂಲೆಯಲ್ಲಿ ಕೂತಿದ್ದ.

“ಉಂಡಾನೇನ್ರಿ?” ಅಂತ ಲಿಂಗಸುಗೂರಿನಿಂದ ಫೋನು.

“ಉಂಡಾನ.”

“ಪೂರಾ?”

“ತಾಟು ನೆಕ್ಕ್ಯಾನ. ನಿನಗ ನನ್ನ ಮ್ಯಾಲ ನಂಬಿಕಿ ಇಲ್ಲೇನು?”

ಸುಳ್ಳು ಹೇಳಿ ಫೋನಿಟ್ಟ ಮೇಲೆ ಮಾಸ್ತರರಿಗೆ ಒಂದು ವಿಚಾರ ಬಂತು. ಬೆಕ್ಕು ಸತ್ತರೆ ಅಮರೇಶ್ವರಿ ಬೈಯುವುದಿಲ್ಲ. ಬೈಯುವ ಹೆಂಗಸಾಗಿದ್ದರೆ ಸುಲಭವಿತ್ತು, ತಿರುಗಿ ಬೈಯಬಹುದಿತ್ತು. ಆಕೆ ‘ಹೌದೇನು’ ಅನ್ನುತ್ತಾಳೆ, ಅಷ್ಟೆ. ಆಮೇಲೆ ಇನ್ನೆಂದೂ ಯಾವುದನ್ನೂ ಇವರ ಕೈಗೆ ಕೊಡುವುದಿಲ್ಲ. ಆ ‘ಹೌದೇನು’ ಕಿವಿಯಲ್ಲಿ ಕೇಳಿಸಿದಂತಾಗಿ ಮಾಸ್ತರರು ಟಿವಿಯ ದನಿ ಏರಿಸಿದರು.

ಮಂಗಳವಾರ ಒಂದು ಉಪಾಯ ಹೊಳೆಯಿತು. ಸ್ಟಾಫ್ ರೂಮಿನಲ್ಲಿ ಪ್ರಿನ್ಸಿಪಾಲರ ದನಿ ತೆಗೆದು ಎಲ್ಲರನ್ನೂ ನಗಿಸುವವರು ಅವರು. ಹೆಂಡತಿಯ ದನಿ ಏನು ಮಹಾ? ಅಡುಗೆಮನೆಯ ಬಾಗಿಲ ಹಿಂದೆ ಅಡಗಿ ನಿಂತು ಗಂಟಲು ಸಣ್ಣ ಮಾಡಿದರು.

“ಬಾರಪಾ ನನ ರಾಜಾ, ಬಾ... ದಫೇದಾರ ಸಾಹೇಬ್ರ ಬರ್‍ರಿ...”

ದಫೇದಾರ ಮಂಚದ ಕೆಳಗಿನಿಂದ ಬಾಲ ನೆಟ್ಟಗೆ ಮಾಡಿಕೊಂಡು ಓಡಿಬಂದ. ಎರಡು ದಿನದಲ್ಲಿ ಅವನು ಓಡಿದ್ದು ಅದೇ ಮೊದಲು. ಬಾಗಿಲು ದಾಟಿ ಒಳಗೆ ಬಂದು ನಿಂತು, ಸುತ್ತ ನೋಡಿ, ಬಾಗಿಲ ಹಿಂದೆ ಬನಿಯನ್-ಲುಂಗಿಯಲ್ಲಿ ಹೆಣ್ಣುದನಿ ತೆಗೆಯುತ್ತಿದ್ದ ಐವತ್ತಾರು ವರ್ಷದ ಗಂಡಸನ್ನು ಕಂಡ. ಬಹಳ ಹೊತ್ತು ನೋಡಿದ. ಸಿಟ್ಟಿನ ನೋಟವಾಗಿದ್ದರೆ ಮಾಸ್ತರರು ತಡೆದುಕೊಳ್ಳುತ್ತಿದ್ದರು. ಅದು, ಫೇಲಾದ ಹುಡುಗ ಮತ್ತೆ ಅದೇ ತಪ್ಪು ಉತ್ತರ ಬರೆದಾಗ ಅವರೇ ನೋಡುವ ನೋಟ. ಬಾಲ ಇಳಿಸಿಕೊಂಡು ದಫೇದಾರ ಮಂಚದ ಕೆಳಗೆ ಹೋದ.

ಬುಧವಾರದ ಹೊತ್ತಿಗೆ ವಿಷಯ ಓಣಿಗೆ ಗೊತ್ತಾಯಿತು. ಬೆಕ್ಕಿಗೆ ಪ್ರಾಣಸಂಕಟ, ಊರಿಗೆ ಚೆಲ್ಲಾಟ. ಪಕ್ಕದ ಮನೆಯ ಯಂಕೋಬ, ಕಾಲುವೆ ಇಲಾಖೆಯಿಂದ ನಿವೃತ್ತನಾದವನು, ಕಂಪೌಂಡಿನ ಮೇಲೆ ಮೊಣಕೈ ಊರಿ ನಿಂತ. ಅವನಿಗೂ ಹನ್ನೆರಡು ವರ್ಷದಿಂದ ಸಕ್ಕರೆ. ಕೈಯಲ್ಲಿ ಅರ್ಧ ತಿಂದ ಜಿಲೇಬಿ.

“ಏನ್ ಮಾಸ್ತರ್ರ, ಬೆಕ್ಕಿಗೂ ಇನ್ಸುಲಿನ್ನಂತ? ಹಾಗಲಕಾಯಿ ರಸ ಹಿಂಡ್ರಿ ಬಾಯಾಗ. ಮೂರು ದಿನದಾಗ ಸಕ್ಕರಿ ಪರಾರಿ.”

“ನಿಮಗ ಹೋಗೇದೇನು?”

“ನಾ ಎಲ್ಲಿ ಕುಡೀತೀನ್ರಿ ಅದನ್ನ? ಕಹಿ ಇರ್ತದ.”

ಇಂಥವರಿಗೂ ಮತದಾನದ ಹಕ್ಕು ಕೊಟ್ಟರಲ್ಲ ಎಂದು ಮಾಸ್ತರರು ಮನಸ್ಸಿನಲ್ಲೇ ಸಂವಿಧಾನ ಸಭೆಯ ಮೇಲೆ ಬೇಸರಪಟ್ಟುಕೊಂಡರು. ಸಂಜೆ ಬೆಕ್ಕನ್ನು ಬಾಳೆಹಣ್ಣಿನ ಬುಟ್ಟಿಯಲ್ಲಿ ಹಾಕಿ, ಮೇಲೆ ಟವೆಲ್ಲು ಕಟ್ಟಿ, ಆಟೋ ಹಿಡಿದು ದನದ ಡಾಕ್ಟರ ಹತ್ತಿರ ಹೋದರು.

ಡಾಕ್ಟರು ಶಿವಕಾಂತ. ಇಪ್ಪತ್ತು ವರ್ಷ ಎಮ್ಮೆಗಳ ಜೊತೆ ಮಾತಾಡಿ ಮಾತಾಡಿ, ಮನುಷ್ಯರೊಂದಿಗೂ ಹೊಲದಾಚೆಗೆ ಕೇಳುವಂತೆ ಮಾತಾಡುವವರು.

“ಏನಾಗೇದ? ಮೆಲಕು ಹಾಕ್ತದೇನು?”

“ಬೆಕ್ಕು ರೀ ಇದು.”

“ಹಾಂ, ರೂಢಿ, ರೂಢಿ.” ಡಾಕ್ಟರು ಟವೆಲ್ಲು ಬಿಚ್ಚಿ, ಕುತ್ತಿಗೆ ಹಿಡಿದು, ಬಾಯಿ ಅಗಲಿಸಿ ಹಲ್ಲು ಒಸಡು ನೋಡಿದರು, ಹೊಟ್ಟೆ ಒತ್ತಿದರು, ಕಿವಿಯಂಚಿನಿಂದ ಒಂದು ಹನಿ ರಕ್ತ ತೆಗೆದು ಮಶೀನಿಗೆ ಹಚ್ಚಿದರು. ದಫೇದಾರ ಅವರನ್ನೂ ಮೇಲಿಂದ ಕೆಳಗೆ ನೋಡಿದ. “ಸಕ್ಕರಿ ಏರೇದ. ಹಲ್ಲು ಚಲೋ ಅದಾವ. ಹೊಟ್ಟಿನೂ ಚಲೋ. ಹಸಿವಿ ಅದ, ಉಣವಲ್ಲ. ಮನ್ಯಾಗ ಏನರ ಬದಲಾಗೇದೇನು?”

“ಏನೂ ಇಲ್ರಿ.”

“ಹೊಸಾ ಮಂದಿ ಬಂದಾರ? ಯಾರರ ಊರಿಗೆ ಹೋಗ್ಯಾರ?”

“ನನ್ನ ಹೆಂಡ್ತಿ ಹೋಗ್ಯಾಳ. ಅಷ್ಟ.”

ಡಾಕ್ಟರು ಮಾಸ್ತರರ ಮುಖವನ್ನು ಒಂದು ಕ್ಷಣ, ಜ್ವರದ ಎಮ್ಮೆಯನ್ನು ನೋಡುವಂತೆ ನೋಡಿದರು. ಬೆಕ್ಕಿಗೆ ಸಲೈನ್ ಏರಿಸುತ್ತ ಹೇಳಿದರು: “ಅಷ್ಟ ಅಂತಾರ ನೋಡ್ರಿ. ಸರ, ಬೆಕ್ಕು ಮೂರು ದಿನಕ್ಕಿಂತ ಹೆಚ್ಚು ಉಪವಾಸ ಬಿದ್ರ ಲಿವರ್ ಕೆಡ್ತದ. ಇದು ಮೊದಲ ಸಕ್ಕರಿ ಪೇಶಂಟು. ನಾಳೆ ರಾತ್ರಿ ಒಳಗ ತಾನಾಗಿ ನಾಕು ತುತ್ತು ತಿಂದ್ರ ಸೂಜಿ ಕೊಡ್ರಿ, ಉಳೀತದ. ತಿನಲಿಲ್ಲಂದ್ರ ನಾಡಿದ್ದ ಇದನ್ನ ರಾಯಚೂರಿಗೆ ಒಯ್ಯಬೇಕು, ನನ್ನ ಕೈಯಾಗಿಲ್ಲ. ಅಕ್ಕಾರನ್ನ ಕರಸ್ರಿ ಮೊದಲ.”

ಕರೆಸುವುದೆಂದರೆ ಮೂರು ದಿನದ ಸುಳ್ಳು ಒಪ್ಪಿಕೊಳ್ಳುವುದು. ಬುಟ್ಟಿ ಎತ್ತಿಕೊಂಡು ಹೊರಬರುವಾಗ ಮಾಸ್ತರರಿಗೆ ಅನ್ನಿಸಿದ್ದು ಒಂದೇ: ಡಾಕ್ಟರ್ ದಡ್ಡ. ಆದರೆ ಆ ಅನಿಸಿಕೆಯಲ್ಲಿ ಮೊದಲಿನ ಗತ್ತಿರಲಿಲ್ಲ. ಬುಟ್ಟಿ ತೀರಾ ಹಗುರವಾಗಿತ್ತು.

ಗುರುವಾರ ರಜೆ ಹಾಕಿದರು. ಪಾತ್ರೆ ತೊಳೆಯುವ ಮುದುಕಮ್ಮ ಎಂಟೂವರೆಗೆ ಬಂದಳು. ಅಮರೇಶ್ವರಿ ಇಲ್ಲದ ದಿನಗಳಲ್ಲಿ ಮನೆಯ ಕೀಲಿಯೂ ಅವಳ ಹತ್ತಿರವೇ, ನಾಲ್ಕು ರೊಟ್ಟಿಯನ್ನೂ ಅವಳೇ ಬಡಿದಿಟ್ಟು ಹೋಗುತ್ತಿದ್ದಳು. ಮಾಸ್ತರರು ಉಪ್ಪಿಟ್ಟು ತಿಂದು ಮುಗಿಸಿ ಬೆಕ್ಕಿನ ಮುಂದೆ ಬಟ್ಟಲು ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದರು.

“ತಿನ್ನಲೇ. ತಿಂತೀಯೋ ಇಲ್ಲೋ? ನಿನ್ನೌನ, ಮುಖ ನೋಡು, ಜಹಾಗೀರದಾರನ ಮೊಮ್ಮಗ!”

ಮುದುಕಮ್ಮ ಪಾತ್ರೆಗಳನ್ನು ಆರಿಸುತ್ತ ಕೇಳಿದಳು. “ಯಪ್ಪಾ, ನಾಕ ದಿನ ಆತು, ಅಮ್ಮಾರ ಉಣ್ಣೋ ಗಂಗಾಳ ತೊಳ್ಯಾಕ ಬಂದಿಲ್ಲ.”

“ಅಮ್ಮಾರ ಇಲ್ಲಂದ ಮ್ಯಾಲ ಅವರ ಗಂಗಾಳ ಯಾಕ ಬರ್ತದ?”

“ಮತ್ತ ಇದು ಎದರಾಗ ಉಣ್ತದ?”

“ಬಟ್ಟಲದಾಗ. ಕಾಣವಲ್ದೇನು?”

ಮುದುಕಮ್ಮ ನಕ್ಕಳು. ಹಲ್ಲಿಲ್ಲದ್ದರಿಂದ ನಗು ಬಹಳ ದೊಡ್ಡದಾಗಿ ಕಂಡಿತು. “ಬಟ್ಟಲದಾಗ ಅದು ಯಾವಾಗ ಉಂಡೈತಪಾ? ಅದು ನೀರಿನ ಬಟ್ಟಲ. ಅಮ್ಮಾರು ಉಣ್ಣಾಕ ಕುಂತಾಗ, ಗಂಗಾಳದ ಅಂಚಿಗಿ ಇದರ ಕೋಳಿ ಬಾಡ ಇಡ್ತಾರ. ಅವರೊಂದು ತುತ್ತು, ಇದೊಂದು ತುತ್ತು. ಅವರು ರೊಟ್ಟಿ ಕಟಕ್ಕಂತ ಮುರದ್ರ ಇದು ಬಾಯಿ ಹಾಕ್ತೈತಿ. ಅವರು ಉಣ್ಣೋದು ಬಿಟ್ರ ಇದೂ ಬಿಡ್ತೈತಿ. ಎಷ್ಟು ವರ್ಷದ ಆಟ ಇದು! ನೀವು ನೋಡಿಲ್ಲೇನು?”

“ಎಲ್ಲಿ ಕೂಡ್ತಾಳ ಆಕಿ?”

“ಇಗಾ, ಇಲ್ಲಿ. ಗ್ಯಾಸಿನ ಕಟ್ಟಿ ಬುಡಕ.”

“ಯಾವಾಗ?”

ಮುದುಕಮ್ಮ ಕೈಯಲ್ಲಿದ್ದ ಸಾರಿನ ಪಾತ್ರೆಯನ್ನು ಕೆಳಗಿಟ್ಟಳು. “ಮುಂಜಾನೆ ನೀವು ಬಸ್ಸಿಗೆ ಹೋದ ಮ್ಯಾಲ. ರಾತ್ರಿ ನಿಮ್ಮದು ಊಟ ಆದ ಮ್ಯಾಲ. ಅಲ್ಲಪಾ, ಇಪ್ಪತ್ತೆಂಟು ವರ್ಷಾತು, ಒಂದ ಮನ್ಯಾಗ ಇದ್ದೀರಿ ಅಂತ ತಿಳಿದಿದ್ದೆ ನಾ.”

ಮಾಸ್ತರರು ಎದ್ದು ಫ್ರಿಜ್ಜಿನ ಮುಂದೆ ನಿಂತರು. ಅವರು ಚೀಟಿಯನ್ನು ಇನ್ನೊಮ್ಮೆ ಓದಿದರು. ಉಪ್ಪು, ಅರಿಷಿಣ, ಎಲುಬು, ಗಂಟೆ ಎಲ್ಲ ಇತ್ತು. ಜೊತೆಗೆ ಕೂತು ಉಣ್ಣಬೇಕು ಎಂದು ಬರೆದಿರಲಿಲ್ಲ. ಅದೂ ಒಂದು ಕೆಲಸ ಎಂದು ಬರೆದವಳಿಗೇ ಅನ್ನಿಸಿರಲಿಲ್ಲ. ಗಂಡನ ಊಟವಾದ ಮೇಲೆ ಹೆಂಡತಿ ಎಲ್ಲೋ ಯಾವಾಗಲೋ ಉಣ್ಣುತ್ತಾಳೆ ಎಂಬುದು ಸೂರ್ಯ ಮುಳುಗಿದ ಮೇಲೆ ಎಲ್ಲೋ ಇರುತ್ತಾನೆ ಎಂಬಷ್ಟೇ ಸಹಜವಾಗಿ ಇಬ್ಬರಿಗೂ ಗೊತ್ತಿತ್ತು. ಕಣ್ಣು ಮುಚ್ಚಿ ಹಾಲು ಕುಡಿಯುವುದು ಬೆಕ್ಕಿನ ಜಾತಿ ಅನ್ನುತ್ತಾರೆ. ಈ ಮನೆಯಲ್ಲಿ ಕಣ್ಣು ಮುಚ್ಚಿ ಉಂಡವರು ಬೇರೆ.

ಮುದುಕಮ್ಮ ಹೋದ ಕೂಡಲೇ ಮಾಸ್ತರರು ಪ್ರಯೋಗಕ್ಕಿಳಿದರು. ಹೆಂಡತಿಯ ಗಂಗಾಳ ಹುಡುಕಿ ತೆಗೆದರು. ಅಂಚು ಒಂದು ಕಡೆ ನೆಗ್ಗಿದ ಹಳೆಯ ಗಂಗಾಳ. ಮನೆಯಲ್ಲಿ ಅಂಥದೊಂದು ಇದೆಯೆಂದೇ ಅವರಿಗೆ ಗೊತ್ತಿರಲಿಲ್ಲ. ಅಂಚಿಗೆ ಕೋಳಿ ಇಟ್ಟು, ನಡುವೆ ರೊಟ್ಟಿ ಇಟ್ಟು, ಗ್ಯಾಸಿನ ಕಟ್ಟೆಯ ಕೆಳಗೆ ಕೂತರು. ಹೊಟ್ಟೆಯಲ್ಲಿ ಉಪ್ಪಿಟ್ಟು ಗಟ್ಟಿಯಾಗಿ ಕೂತಿತ್ತಾದ್ದರಿಂದ ರೊಟ್ಟಿ ಮುರಿದು ಬಾಯಿಯ ಹತ್ತಿರ ಒಯ್ದು, ಗಾಳಿಯನ್ನು ಚಪ್ಪರಿಸಿ, “ಆಹಾ, ಏನ್ ರುಚಿ, ಏನ್ ರುಚಿ” ಎಂದರು. ಒಂದು ಕಣ್ಣು ಮೊಬೈಲಿನ ಮೇಲೆ.

ದಫೇದಾರ ಎದುರಿಗೆ ಬಂದು ಕೂತು ಹತ್ತು ನಿಮಿಷ ಈ ನಾಟಕ ನೋಡಿದ. ನಂತರ ಎದ್ದು ಮುಂಗಾಲಿನಿಂದ ಮಣ್ಣೆಳೆದ. ಈ ಸಲ ಗಂಗಾಳದ ಕಡೆಗಲ್ಲ, ಮಾಸ್ತರರ ಕಡೆಗೆ.

ಮಧ್ಯಾಹ್ನವೆಲ್ಲ ಮಾಸ್ತರರು ಮಂಚದ ಪಕ್ಕ ಕೂತಿದ್ದರು. ಬೆಕ್ಕಿನ ಉಸಿರು ಎಣಿಸುವಷ್ಟು ನಿಧಾನ. ಎರಡು ಸಲ ಫೋನು ಕೈಗೆತ್ತಿಕೊಂಡರು, ಎರಡು ಸಲವೂ ಇಟ್ಟರು. ಸಂಜೆ ಯಂಕೋಬ ಕಂಪೌಂಡಿನಿಂದ, “ಅದಾನೇನ್ರಿ, ಹೋದ್ನೋ ದಫೇದಾರ?” ಎಂದು ಕೂಗಿದ್ದಕ್ಕೆ ಕಿಟಕಿ ಮುಚ್ಚಿದರು. ಎಂಟಾಯಿತು. ಟಿವಿ ಹಚ್ಚುವ ಹೊತ್ತು. ಹೊಟ್ಟೆ ಗುರ್‍ರೆಂದಿತು. ಮಾಸ್ತರರು ಊಟಕ್ಕೇಳಲಿಲ್ಲ. ಎಂಟೂಕಾಲು. ಎಂಟೂವರೆ. ಬಿಸಿ ಮಾಡಿದ್ದ ಪುಂಡಿಪಲ್ಯ ಆರಿತು. ಉಣ್ಣದೆ ಕಾಯುವ ಅರ್ಧ ತಾಸು ಎಷ್ಟು ಉದ್ದ ಎಂಬುದು ರಾಜ್ಯಶಾಸ್ತ್ರದ ಯಾವ ಪುಸ್ತಕದಲ್ಲೂ ಇರಲಿಲ್ಲ.

ಎಂಟೂಮುಕ್ಕಾಲಿಗೆ ಕಟ್ಟೆಯ ಕೆಳಗೆ ಕೂತರು. ಬಲ ಮೊಣಕಾಲು ಮಡಚಲಿಲ್ಲ, ಚಾಚಿದರು. ಅಂಚಿಗೆ ಕೋಳಿ. ಗಂಗಾಳದಲ್ಲಿ ತಣ್ಣನೆಯ ಪಲ್ಯ, ಶೇಂಗಾ ಹಿಂಡಿ, ಬೆಳಗಿನ ರೊಟ್ಟಿ. ರೊಟ್ಟಿ ಹಪ್ಪಳದಂತೆ ಗಟ್ಟಿಯಾಗಿತ್ತು. ಇವರ ತಾಟಿಗೆ ಇಷ್ಟು ವರ್ಷ ಬಿದ್ದದ್ದೆಲ್ಲ ಹಂಚಿನಿಂದ ನೇರ ಬಂದ ಮೆತ್ತನೆಯ ರೊಟ್ಟಿ. ಗಟ್ಟಿಯಾದವು ಎಲ್ಲಿ ಹೋಗುತ್ತಿದ್ದವು ಎಂದು ಅವರು ಯಾವತ್ತೂ ಕೇಳಿರಲಿಲ್ಲ.

ಮುರಿದರು. ಕಟಕ್.

ಮಂಚದ ಕೆಳಗೆ ಎರಡು ಕಿವಿ ತಿರುಗಿದವು.

ಮಾಸ್ತರರು ಆ ಕಡೆ ನೋಡಲಿಲ್ಲ. ನೋಡುವಷ್ಟು ಪುರುಸೊತ್ತೂ ಇರಲಿಲ್ಲ, ಅಷ್ಟು ಹಸಿದಿದ್ದರು. ಪಲ್ಯ ಹಚ್ಚಿ ಬಾಯಿಗಿಟ್ಟು ಅಗಿದರು. ಗಟ್ಟಿ ರೊಟ್ಟಿ ದವಡೆ ನೋಯಿಸಿತು. ಇನ್ನೊಂದು ತುತ್ತು. ಮೂರನೆಯದಕ್ಕೆ ಮೊಣಕಾಲಿಗೆ ಏನೋ ತಾಗಿತು. ದಫೇದಾರ ಬಂದು ಗಂಗಾಳದ ನೆಗ್ಗಿದ ಅಂಚಿನ ಕಡೆ ಕೂತಿದ್ದ. ಆ ನೆಗ್ಗು ಅವನ ಗಲ್ಲಕ್ಕೆ ಸರಿಯಾಗಿ ಕೂಡುತ್ತಿತ್ತು. ಒಂದು ಚೂರು ಎತ್ತಿಕೊಂಡ. ನಿಂತ. ಮಾಸ್ತರರ ಬಾಯಿಯನ್ನೇ ನೋಡಿದ.

“ಉಣ್ಣಾಕತ್ತೀನೋ ಮಾರಾಯ, ಖರೇನ ಉಣ್ಣಾಕತ್ತೀನಿ.”

ಅಗಿದು ನುಂಗಿದ ಮೇಲೆ ದಫೇದಾರ ಎರಡನೆಯ ಚೂರಿಗೆ ಬಾಯಿ ಹಾಕಿದ. ಅವರೊಂದು, ಅವನೊಂದು. ಆರು, ಏಳು, ಎಂಟು ತುತ್ತು. ರೊಟ್ಟಿ ಮುಗಿಯಿತು, ಮಾಸ್ತರರಿಗೆ ಇನ್ನೂ ಹಸಿವಿತ್ತು. ಪಾತ್ರೆ ಬಗ್ಗಿಸಿ ನೋಡಿದರೆ ಪಲ್ಯವಿರಲಿಲ್ಲ. ತಳ ಕೆರೆದ ಗುರುತು ಮಾತ್ರ.

ಸೂಜಿಗೆ ಎರಡು ಗೀಟು ಔಷಧ ಎಳೆದು, ಹೆಗಲ ಚರ್ಮ ಎತ್ತಿ ಚುಚ್ಚಿದರು. ದಫೇದಾರ ‘ಇಷ್ಟೊತ್ತು ಬೇಕಾ ಇದಕ್ಕೆ’ ಎಂಬಂತೆ ಒಮ್ಮೆ ತಿರುಗಿ ನೋಡಿ ಮೀಸೆ ಒರೆಸಿಕೊಳ್ಳತೊಡಗಿದ.

ಫೋನು ಬಂತು.

“ಉಂಡಾನೇನ್ರಿ?”

“ಉಂಡಾನ.”

“ಸೂಜಿ?”

“ಕೊಟ್ಟೆ.” ಅವರಿಗೆ ಇನ್ನೇನೋ ಹೇಳಬೇಕಿತ್ತು. ಕೆಮ್ಮಿದರು. “ಅಮರಾ... ನಿಂದು ಊಟ ಆತೇನು?”

ಲಿಂಗಸುಗೂರಿನಲ್ಲಿ ಚಮಚವೊಂದು ನೆಲಕ್ಕೆ ಬಿದ್ದ ಸದ್ದಾಯಿತು. ಫೋನು ಕಟ್ಟಾಯಿತೇನೋ ಎಂದು ಮಾಸ್ತರರು ಕಿವಿಯಿಂದ ತೆಗೆದು ನೋಡಿದರು. ಕಟ್ಟಾಗಿರಲಿಲ್ಲ.

“ರೀ,” ಎಂದಳು ಅಮರೇಶ್ವರಿ. “ಖರೇ ಹೇಳ್ರಿ. ನಾ ಗಟ್ಟಿ ಇದ್ದೀನಿ. ಯಾವಾಗ ಹೋತು?”

“ಏ, ಏನು ಹೋತು? ಇಲ್ಲೇ ಕುಂತಾನ!”

“ಇಪ್ಪತ್ತೆಂಟು ವರ್ಷದಾಗ ಒಮ್ಮೆರ ಕೇಳೀರೇನು ಹಿಂಗ? ಇಲ್ಲದ್ದು ಕೇಳಾಕತ್ತೀರಿ ಅಂದ್ರ ಏನೋ ಆಗೇದ.”

ಮಾಸ್ತರರು ಬೆವರುತ್ತ ಫೋನನ್ನು ಬೆಕ್ಕಿನ ಬಾಯಿಯ ಮುಂದೆ ಹಿಡಿದರು. “ಒದರಲೇ. ಒಮ್ಮೆ ಮ್ಯಾಂವ್ ಅನ್ನಲೇ. ಕೈ ಮುಗೀತೀನಿ.”

ದಫೇದಾರ ಫೋನನ್ನು ಮೇಲಿಂದ ಕೆಳಗೆ ನೋಡಿದ. ಮಾಸ್ತರರನ್ನು ನೋಡಿದ. ತಿರುಗಿ ಕೂತ.

“ಮುಂಜಾನಿ ಮೊದಲನೇ ಬಸ್ಸಿಗೆ ಬರ್ತೀನಿ,” ಎಂದಿತು ಫೋನು. “ನಾ ಬರೋಮಟ ಅದನ್ನ ಹುಗೀಬ್ಯಾಡ್ರಿ.”